ಸೀಮೆಎಣ್ಣೆ, ಮುಚ್ಚಳಿಕೆ, ಮನೆ

1997ರಲ್ಲಿ ಬೆಂಗಳೂರಿನಲ್ಲಿ 1,133 ಹೆಣ್ಣುಮಕ್ಕಳ ಸಾವು 'ಅಸ್ವಾಭಾವಿಕ' ಅಂತ ಪೊಲೀಸ್ ಲೆಕ್ಕಕ್ಕೆ ಸೇರಿತು. ಅದರಲ್ಲಿ ಕೊಲೆ 157, ಆತ್ಮಹತ್ಯೆ 546, ಅಪಘಾತ 430. ಕೂಡಿ ನೋಡಿ, ಲೆಕ್ಕ ಸರಿಯಾಗಿಯೇ ಇದೆ. ಯಾವ ಸಾವನ್ನು ಯಾವ ಕಾಲಂಗೆ ಹಾಕಿದರು, ಹಾಕಿದವರು ಯಾರು ಅಂತ ಕೇಳಿದ್ದು 'ವಿಮೋಚನಾ'. 1979ರಿಂದ ಈ ಊರಿನಲ್ಲಿ ಕೆಲಸ ಮಾಡುತ್ತಿರುವ ಮಹಿಳಾ ಸಂಘಟನೆ ಅದು. ಆ ವರ್ಷದ ಜನವರಿಯಿಂದ ಸೆಪ್ಟೆಂಬರ್‌ವರೆಗಿನ 550 ಕೇಸುಗಳನ್ನು ಅವರು ನೋಡಿದಾಗ ಶೇ 71ರಷ್ಟು 'ಅಡುಗೆಮನೆ ಅಪಘಾತ', 'ಸ್ಟೌ ಬರ್ಸ್ಟ್' ಅಂತ ಷರಾ ಬರೆಸಿಕೊಂಡು ಮುಚ್ಚಿಹೋಗಿದ್ದವು.

ಸೀಮೆಎಣ್ಣೆ ಪಂಪ್ ಸ್ಟೌ ಸಿಡಿಯೋದು ಸುಳ್ಳೇನಲ್ಲ. ಪಿನ್ನು ಕಟ್ಟಿಕೊಂಡರೆ, ಗಾಳಿ ಜಾಸ್ತಿ ಹೊಡೆದರೆ ಸಿಡಿಯುತ್ತೆ. ಆದರೆ ಸಿಡಿದಾಗೆಲ್ಲ ಸೊಸೆಯೇ ಮುಂದೆ ಕೂತಿರಬೇಕು, ಆರಿಸಲು ಓಡಿಬಂದ ಗಂಡನ ಅಂಗೈಯಲ್ಲಿ ಒಂದು ಬೊಬ್ಬೆಯೂ ಏಳಬಾರದು, ಅತ್ತೆ ಅಷ್ಟೊತ್ತಿಗೆ ಸರಿಯಾಗಿ ದೇವಸ್ಥಾನಕ್ಕೆ ಹೋಗಿರಬೇಕು ಅಂದರೆ ಹೇಗೆ? ಒಂದೆರಡು ಕೇಸಾದರೆ ಗ್ರಹಚಾರ ಅನ್ನಬಹುದು. ನೂರಾರು ಫೈಲುಗಳಲ್ಲಿ ಅದೇ ಕತೆ ಬಂದರೆ ಬರೆಯುವ ಕೈಯನ್ನೂ ನೋಡಬೇಕಾಗುತ್ತೆ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ಫಾರಂನಲ್ಲಿ ಯಾವ ಆಯ್ಕೆ ಸುಲಭವೋ ಜನ ಅದನ್ನೇ ಒತ್ತುತ್ತಾರೆ ಅನ್ನೋದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಠಾಣೆಯ ಯುಡಿಆರ್‌ನಲ್ಲಿ ಸುಲಭವಾದ ಆಯ್ಕೆ ಸ್ಟೌ ಆಗಿತ್ತು.

ಕಾನೂನು ಇರಲಿಲ್ಲವಾ ಅಂದರೆ, ಬೇಕಾದಷ್ಟಿತ್ತು. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಅಪರಾಧ ಅಂದ 498ಎ ಬಂದಿದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ 1986ರಲ್ಲಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರ ಮಾತೊಂದೇ ಸಾಲದು ಅಂತಲೇ ತಹಶೀಲ್ದಾರರನ್ನು ಕರೆಸಿ ಪಂಚನಾಮೆ ಮಾಡಿಸುವ ಪದ್ಧತಿಯೂ ಬಂದಿತ್ತು. ಇಷ್ಟೆಲ್ಲ ಇದ್ದೂ ಫೈಲು ಯಾಕೆ ಮುಚ್ಚುತ್ತಿತ್ತು ಅನ್ನೋದಕ್ಕೆ ಉತ್ತರ ಸಿಗುತ್ತಿದ್ದುದು ವಿಕ್ಟೋರಿಯಾ ಆಸ್ಪತ್ರೆಯಲ್ಲಿ.

1900ರಲ್ಲಿ ಶುರುವಾದ ಈ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ನಗರದ ಎಲ್ಲ ದಿಕ್ಕಿನಿಂದಲೂ ಹೆಂಗಸರು ಬರುತ್ತಿದ್ದರು. ಮೈಸೂರು ರಸ್ತೆ, ಮಾಗಡಿ ರಸ್ತೆ ಹಿಡಿದು ಬಂದರೆ ನಮ್ಮ ಪಶ್ಚಿಮ ಬೆಂಗಳೂರಿನವರಿಗೂ ಅದೇ ದೊಡ್ಡಾಸ್ಪತ್ರೆ. ಸುಟ್ಟ ಮೈಯಲ್ಲಿ ಮಲಗಿರುವವಳ ಹೇಳಿಕೆ ಕೇಸಿನ ದಿಕ್ಕನ್ನೇ ನಿರ್ಧರಿಸುತ್ತೆ. ಅದನ್ನು ಬರೆದುಕೊಳ್ಳುವಾಗ ಮಂಚದ ಪಕ್ಕ ನಿಂತಿರುವುದು ಯಾರು? ಗಂಡನ ಕಡೆಯವರು. ಆಸ್ಪತ್ರೆಗೆ ಕರೆತಂದವರು ಅವರೇ, ಔಷಧಿ ತರುವವರೂ ಅವರೇ, ಮನೆಯಲ್ಲಿ ಅಮ್ಮನಿಗಾಗಿ ಅಳುತ್ತಿರುವ ಮಗುವನ್ನು ನಾಳೆಯಿಂದ ಸಾಕಬೇಕಾದವರೂ ಅವರೇ. ಆಗ ಅವಳ ಬಾಯಲ್ಲಿ 'ಸ್ಟೌ' ಅಂತ ಬರದೆ ಇನ್ನೇನು ಬರುತ್ತೆ? ವಿಮೋಚನಾದವರು ಆ ವಾರ್ಡಿಗೆ ಹೋಗಿ ಮಂಚದ ಪಕ್ಕ ಕೂತು ಮಾತಾಡಿಸುತ್ತಿದ್ದರು. ಹೀಗೆ ಕೇಳಿಸಿಕೊಂಡ ಕತೆಗಳಿಂದಲೇ ಠಾಣೆಯ ಷರಾಗಳ ಮೇಲೆ ಅನುಮಾನ ಗಟ್ಟಿಯಾಯಿತು. ನನ್ನ ಪ್ರಕಾರ ಈ ಊರಿನ ಚರಿತ್ರೆ ಬರೆಯೋರು ಐಟಿ ಬಂದ ಕತೆ ಹೇಳುವಾಗ ಅದೇ ದಶಕದ ಈ ವಾರ್ಡಿನ ಕತೆಯನ್ನೂ ಹೇಳಬೇಕು.

ಗಲಾಟೆಯಾದ ಮೇಲೆ ಸರ್ಕಾರ ಅಲುಗಾಡಿತು. ವಕೀಲೆಯೂ ಶಾಸಕಿಯೂ ಆಗಿದ್ದ ಪ್ರಮೀಳಾ ನೇಸರ್ಗಿಯವರ ಅಧ್ಯಕ್ಷತೆಯಲ್ಲಿ ಜಂಟಿ ಸದನ ಸಮಿತಿ ಕೂತಿತು. ರಾಜ್ಯ ಮಹಿಳಾ ಆಯೋಗಕ್ಕೆ 1995ರಲ್ಲೇ ಕಾಯ್ದೆ ಆಗಿತ್ತು. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ ಶುರುವಾಯಿತು. 2000-01ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ 'ಸಾಂತ್ವನ' ಕೇಂದ್ರಗಳು ಬಂದವು.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಪೆಟ್ಟು ತಿಂದವಳು ಮೊದಲು ಹತ್ತುವ ಮೆಟ್ಟಿಲು ಇವತ್ತಿಗೂ ಹತ್ತಿರದ ಠಾಣೆಯದು, ಅಲ್ಲಿ ನಡೆಯುವುದು ರಾಜಿ. ಗಂಡನನ್ನು ಕರೆಸುತ್ತಾರೆ, ಬೈಯುತ್ತಾರೆ, ಇನ್ನು ಮುಂದೆ ಹೊಡೆಯುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ನಮ್ಮೂರ ಅರಳಿಕಟ್ಟೆ ಪಂಚಾಯ್ತಿಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಇಲ್ಲಿ ಫ್ಯಾನ್ ಇರುತ್ತೆ. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅನ್ನೋ ಗಾದೆ ನಮ್ಮಲ್ಲಿ ಯಾವ ಸೆಕ್ಷನ್‌ಗಿಂತಲೂ ಹೆಚ್ಚು ಸಲ ಜಾರಿಯಾಗಿದೆ. ಮುಚ್ಚಳಿಕೆ ಮುರಿದರೆ? ಇನ್ನೊಂದು ಮುಚ್ಚಳಿಕೆ.

ಈ ಸುತ್ತಾಟಕ್ಕೆ ಬೇರೆ ದಾರಿ ಕೊಟ್ಟಿದ್ದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005. ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ರಂದು. ಹೆಣ್ಣುಮಕ್ಕಳೆಲ್ಲ ಗಂಡ ಜೈಲಿಗೆ ಹೋಗಲಿ ಅಂತ ಠಾಣೆಗೆ ಬರೋದಿಲ್ಲ. 'ಹೊಡೀಬಾರದು, ಮನೆ ಬಿಟ್ಟು ಓಡಿಸಬಾರದು, ಮಕ್ಕಳ ಫೀಸು ಕಟ್ಟಬೇಕು', ಅವರು ಕೇಳೋದು ಇಷ್ಟೇ. ಈ ಕಾಯ್ದೆ ಅದನ್ನೇ ಕೊಡುತ್ತೆ: ರಕ್ಷಣಾ ಆದೇಶ, ವಾಸದ ಆದೇಶ, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದು. ಹೆಂಡತಿ ಮಾತ್ರವಲ್ಲ, ತಾಯಿ, ಅಕ್ಕತಂಗಿ, ಮದುವೆಯಂತೆಯೇ ಕೂಡಿ ಬಾಳಿದವಳು ಕೂಡ ಅರ್ಜಿ ಹಾಕಬಹುದು. ಬೈಗುಳ, ದುಡಿದ ಸಂಬಳ ಕಿತ್ತುಕೊಳ್ಳುವುದು ಸಹ ದೌರ್ಜನ್ಯದ ವ್ಯಾಖ್ಯೆಯೊಳಗೆ ಬಂದವು. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ, ಸಂಬಳದ ದಿನ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುವ ಹೆಂಗಸಿಗೆ ಇದು ಸಣ್ಣ ವಿಷಯವಲ್ಲ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ. ಮುಚ್ಚಳಿಕೆಗೆ ಇಲ್ಲದ ಹಲ್ಲು ಇದಕ್ಕಿತ್ತು.

ಮೊದಲ ವಿಚಾರಣೆ ಸಾಧಾರಣವಾಗಿ ಮೂರು ದಿನದೊಳಗೆ, ಅರ್ಜಿ ಮುಗಿಸುವ ಪ್ರಯತ್ನ 60 ದಿನದೊಳಗೆ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ. ಓದಲು ಚೆನ್ನಾಗಿದೆ. ಬೆಂಗಳೂರಿನಲ್ಲಿ ಈ ಅರ್ಜಿಗಳು ಹೋಗಿದ್ದು ಯಾವ ಕೋರ್ಟಿಗೆ ಗೊತ್ತಾ? ಎಂಎಂಟಿಸಿ, ಅಂದರೆ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಟ್ರಾಫಿಕ್ ಕೋರ್ಟು. ಹೆಲ್ಮೆಟ್ ಹಾಕದವನ ಕೇಸಿಗೆ ಅಂತ ಹುಟ್ಟಿದ ನ್ಯಾಯಾಲಯದ ಹೆಸರಿನಡಿ, ಮನೆಯಿಂದ ಹೊರಹಾಕಲ್ಪಟ್ಟವಳ ಅರ್ಜಿ. ನ್ಯಾಯಾಧೀಶರ ಅಧಿಕಾರಕ್ಕೆ ಇದರಿಂದ ಏನೂ ಕೊರತೆಯಿಲ್ಲ, ಆದರೂ ನಾವು ಯಾವುದನ್ನು ಎಲ್ಲಿ ಜೋಡಿಸಿದ್ದೇವೆ ಅಂತ ತಿಳಿಯುತ್ತೆ.

ಜೋಡಣೆಯ ಮಾತು ಬಂದಿದ್ದಕ್ಕೆ ರಕ್ಷಣಾಧಿಕಾರಿಯ ವಿಷಯವನ್ನೂ ಹೇಳಿಬಿಡ್ತೀನಿ. ಅರ್ಜಿ ಬರೆಸುವುದು, ಡಿಐಆರ್ ಅನ್ನುವ ಘಟನಾ ವರದಿ ತಯಾರಿಸುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಆಶ್ರಯ ಕೊಡಿಸುವುದು ಇವರ ಕೆಲಸ. ಕರ್ನಾಟಕ ಇದಕ್ಕೆ ಹೊಸ ಹುದ್ದೆ ಮಾಡದೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ, ಅಂದರೆ ಸಿಡಿಪಿಒಗಳಿಗೇ, ಹೆಚ್ಚುವರಿಯಾಗಿ ವಹಿಸಿತು. ಅಂಗನವಾಡಿ ಮೊಟ್ಟೆ, ಪೌಷ್ಟಿಕ ಆಹಾರ, ಕಾರ್ಯಕರ್ತೆಯರ ನೇಮಕದ ತಕರಾರು ಎಲ್ಲ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಇದು.

ಪಶ್ಚಿಮ ಬೆಂಗಳೂರಿನಲ್ಲಿ ನಿಜವಾದ ಜಗಳ ಇರುವುದು ಮನೆಯ ಮೇಲೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ 20x30, 30x40 ಸೈಟುಗಳನ್ನೇ ನೋಡಿ. ಕೆಳಗೆ ಮಾವ, ಮೇಲೆ ಮಗ ಸೊಸೆ, ಅದರ ಮೇಲೆ ಬಾಡಿಗೆಯವರು. ಖಾತೆ ಮಾವನ ಹೆಸರಿನಲ್ಲಿ. 2006ರ ಡಿಸೆಂಬರಿನಲ್ಲಿ, ಕಾಯ್ದೆ ಜಾರಿಯಾಗಿ ಎರಡು ತಿಂಗಳೂ ತುಂಬಿರಲಿಲ್ಲ, ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅತ್ತೆ ಮಾವನ ಸ್ವಂತ ಮನೆ 'ಕೂಡಿ ಬಾಳಿದ ಮನೆ' ಅಲ್ಲ ಅಂದುಬಿಟ್ಟಿತು. ಹತ್ತು ವರ್ಷ ಆ ಮನೆಯ ಪಾತ್ರೆ ತೊಳೆದವಳಿಗೆ ಅಲ್ಲಿ ಉಳಿಯುವ ಹಕ್ಕಿಲ್ಲ. ಅದನ್ನು ಸರಿಮಾಡಲು 14 ವರ್ಷ ಬೇಕಾಯಿತು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದೇ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಿಂದಿನ ತೀರ್ಪು ತಪ್ಪು ಅಂತು. ಮನೆ ಗಂಡನ ಬಂಧುವಿನ ಹೆಸರಲ್ಲಿದ್ದರೂ ಸೊಸೆ ವಾಸದ ಹಕ್ಕು ಕೇಳಬಹುದು. ಮಾಲೀಕತ್ವ ಸಿಗಲ್ಲ, ಬೀದಿಪಾಲಾಗೋದು ತಪ್ಪುತ್ತೆ.

ತವರಿನ ಕತೆಯೂ ಇದಕ್ಕೇ ಸೇರಿದ್ದು. ಆಸ್ತಿ ವಿಷಯದಲ್ಲಿ ನಮ್ಮ ಸೀಮೆ ಹಿಂದುಳಿದದ್ದೇನಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಮಾಡಿತ್ತು. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು, ದೇಶಕ್ಕೆಲ್ಲ ಅದು ಬಂದಿದ್ದು 2005ರಲ್ಲಿ. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಡಿ, ಅಣ್ಣತಮ್ಮಂದಿರು 'ಅರಿಶಿನ ಕುಂಕುಮಕ್ಕೆ' ಅಂತ ಒಂದಿಷ್ಟು ದುಡ್ಡು ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಿರುತ್ತಾರೆ. ಅವಳೂ ನಗುತ್ತಲೇ ಹಾಕುತ್ತಾಳೆ, ತವರಿನ ಬಾಗಿಲು ತೆರೆದಿರಲಿ ಅಂತ. ನಾಳೆ ಗಂಡ ಹೊಡೆದಾಗ ಅದೇ ಬಾಗಿಲಲ್ಲಿ 'ಅನುಸರಿಸಿಕೊಂಡು ಹೋಗಮ್ಮ' ಅಂತಾರೆ.

ದುರುಪಯೋಗದ ಮಾತು ನಮ್ಮ ಆಫೀಸುಗಳಲ್ಲಿ ಜೋರು. ಅಲ್ಲಿ ಚರ್ಚೆಯಾಗುವುದು ಹೆಚ್ಚಾಗಿ 498ಎ ಬಂಧನ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ದೂರು ಬಂದ ಕೂಡಲೇ ಹಿಡಿದು ಒಳಗೆ ಹಾಕುವಂತಿಲ್ಲ. ಇನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತೆ ಅಂದರೆ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದವರು ನಾಲ್ಕನೇ ಸುತ್ತಿನಲ್ಲಿ ಶೇ 20.6 ಇದ್ದದ್ದು ಐದನೇ ಸುತ್ತಿನಲ್ಲಿ ಶೇ 44.4 ಆಯಿತು. ಹಿಂಸೆ ಹೆಚ್ಚಾಯಿತೋ, ಹೇಳುವ ಬಾಯಿ ಹೆಚ್ಚಾಯಿತೋ? ಎರಡೂ ಇರಬಹುದು. ಇವರಲ್ಲಿ ಕೋರ್ಟಿನವರೆಗೆ ಬಂದವರು ಎಷ್ಟು ಕಡಿಮೆ ಅನ್ನೋದನ್ನು ನೋಡಲು ಸಮೀಕ್ಷೆ ಬೇಕಿಲ್ಲ, ನಮ್ಮ ಬೀದಿಯೇ ಸಾಕು.

2025ರ ಮೇನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಸುಪ್ರೀಂ ಕೋರ್ಟ್ ಪೀಠ, ಎಲ್ಲ ರಾಜ್ಯಗಳೂ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಬೇಕು, ನೇಮಿಸದ ಕಡೆ ಆರು ವಾರದೊಳಗೆ ಮುಗಿಸಬೇಕು ಅಂತ ಆದೇಶಿಸಿತು. ಕಾಯ್ದೆಗೆ ಆಗ ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಸದ್ಯಕ್ಕೆ ಕೆಂಗೇರಿಯಲ್ಲಿರುವವಳು ಇನ್‌ಫೆಂಟ್ರಿ ರಸ್ತೆಗೆ ಬಸ್ಸು ಹಿಡಿಯಬೇಕಾಗಿಲ್ಲ, 181ಕ್ಕೆ ಫೋನ್ ಮಾಡಬಹುದು. ಠಾಣೆಯಲ್ಲಿ ಮುಚ್ಚಳಿಕೆ ಅಂದಾಗ 'ಡಿಐಆರ್ ಬರೆಸಬೇಕು, ಸಿಡಿಪಿಒ ಕಚೇರಿ ಎಲ್ಲಿದೆ ಹೇಳಿ' ಅಂತ ಕೇಳಬಹುದು. ಕೋರ್ಟು ಆದೇಶ ಕೊಟ್ಟರೆ ಅದರ ಪ್ರತಿಗೆ ದುಡ್ಡು ಕೊಡಬೇಕಿಲ್ಲ, 24ನೇ ಸೆಕ್ಷನ್‌ನಲ್ಲಿ ಹಾಗಂತ ಬರೆದಿದೆ.