ರಿಬ್ಬನ್ ಮೈಕಿನ ಕಿವುಡು ಮಗ್ಗುಲು

ಊರು ಬಿಟ್ಟು ಮುಂಬಯಿಗೆ ಬಂದ ಅಜ್ಜಿಯರ ಸೋಬಾನೆ ಬರೆಹದಲ್ಲಿಲ್ಲ, ಕಂಠದಲ್ಲಿದೆ. ಅದನ್ನು ಮನೆಯಲ್ಲೇ ದಾಖಲಿಸಲು ರಿಬ್ಬನ್ ಮೈಕ್ ಒಳ್ಳೆಯ ಜೊತೆಗಾರ.

1920ರ ದಶಕದಲ್ಲಿ ಜರ್ಮನಿಯ ವಾಲ್ಟರ್ ಷಾಟ್ಕಿ, ಎರ್ವಿನ್ ಗೆರ್ಲಾಖ್ ರೂಪಿಸಿದ ಇದರ ಜೀವಾಳ, ಅಯಸ್ಕಾಂತದ ನಡುವೆ ತೂಗುವ, ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ಪಟ್ಟಿ. ಮುಂದಿನ ದಶಕದಲ್ಲಿ ಆರ್‌ಸಿಎ, ಬಿಬಿಸಿಗಳು ಇದನ್ನು ಬಾನುಲಿಗೆ ತಂದವು. ಇಂದು ಅಗ್ಗದ ಮಾದರಿಗಳೂ ಸಿಗುತ್ತವೆ.

ಧ್ವನಿ ಕ್ಷೀಣವೆನಿಸಿದರೆ ಬಹುಮಟ್ಟಿಗೆ ಕೊರತೆ ಪ್ರೀಆಂಪ್ಲಿಫೈಯರಿನದು. ಉಸಿರು ನೇರವಾಗಿ ಬಡಿದರೆ ಪಟ್ಟಿ ಜೋತುಬೀಳುತ್ತದೆ. ಕೆಟ್ಟ ಕೇಬಲ್ಲಿನಲ್ಲಿ 48 ವೋಲ್ಟ್ ಹರಿದರೂ ಅಪಾಯ.

ಈ ಮೈಕ್ ಹಿಂದುಮುಂದಿನದನ್ನು ಕೇಳುತ್ತದೆ, ಮಗ್ಗುಲುಗಳಿಗೆ ಕಿವುಡು. ವಿಮಾನ, ಲೋಕಲ್ ರೈಲುಗಳ ಸಾಂತಾಕ್ರೂಜಿನಲ್ಲಿ ಆ ಕಿವುಡೇ ವರ. ಮಗ್ಗುಲನ್ನು ಕಿಟಕಿಗೆ ತಿರುಗಿಸಿದರೆ ಗದ್ದಲ ತಗ್ಗುತ್ತದೆ, ಸೋಬಾನೆ ಉಳಿಯುತ್ತದೆ.