ಅಬೂದರ್ರ್(ರ) ಎತ್ತಿದ ಪ್ರಶ್ನೆ: ಸಂಪತ್ತು, ಅಸಮಾನತೆ ಮತ್ತು ಜನರ ಆಕ್ರೋಶ

ಸಂಪತ್ತು ಕೆಲವೇ ಕೈಗಳಲ್ಲಿ ರಾಶಿ ಬೀಳುತ್ತಿದೆ ಎಂಬ ಕೂಗು ಇಂದು ದೇಶ ದೇಶಗಳಲ್ಲಿ ಕೇಳಿಬರುತ್ತಿದೆ. ಇದಕ್ಕೆ ನಮ್ಮ ನಡುವೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳಿವೆ. 'ಅನ್ನಾಧಾರವನ್ನು ಹಂಚುವವನು ಅಲ್ಲಾಹನು. ಇನ್ನೊಬ್ಬರ ಸಿರಿಯನ್ನು ಕಂಡು ಕರುಬಬಾರದು' ಎಂಬುದು ಒಂದು. 'ಸಿರಿವಂತರೆಲ್ಲರೂ ದೋಚಿದವರೇ' ಎಂಬುದು ಇನ್ನೊಂದು. ಮೊದಲನೆಯದು ಬಡವನ ಬಾಯಿ ಮುಚ್ಚಿಸಿದರೆ, ಎರಡನೆಯದು ನ್ಯಾಯವಾಗಿ ದುಡಿದವನನ್ನೂ ಕಟಕಟೆಗೆ ಎಳೆಯುತ್ತದೆ. ಇದೇ ವಿವಾದವು ಪ್ರವಾದಿವರ್ಯರ(ಸ) ನಿಧನದ ಕೆಲವೇ ದಶಕಗಳೊಳಗೆ, ಅವರ ಅನುಚರರ ನಡುವೆಯೇ ಎದ್ದಿತ್ತು. ಆ ಇತಿಹಾಸವನ್ನು ಬಲ್ಲವರಿಗೆ ಈ ಎರಡೂ ಉತ್ತರಗಳು ಸಾಲವು.

ಮದೀನಾದ ಮೊದಲ ವರ್ಷಗಳು ಹಸಿವಿನ ವರ್ಷಗಳಾಗಿದ್ದವು. ಮಸ್ಜಿದುನ್ನಬವಿಯ ಸುಫ್ಫಾದಲ್ಲಿ ಮನೆಮಠವಿಲ್ಲದ ಸಹಾಬಿಗಳು ವಾಸವಾಗಿದ್ದರು. ಹಝ್ರತ್ ಉಮರ್(ರ) ಅವರ ಆಡಳಿತ ಕಾಲದಲ್ಲಿ (ಕ್ರಿ.ಶ. 634-644) ಇರಾಕ್, ಸಿರಿಯಾ ಮತ್ತು ಈಜಿಪ್ಟ್ ಮುಸ್ಲಿಮರ ಅಧೀನಕ್ಕೆ ಬಂದಾಗ ಪರಿಸ್ಥಿತಿ ಒಮ್ಮೆಲೇ ಬದಲಾಯಿತು. ಇರಾಕ್‌ನ ಸವಾದ್ ಎಂಬ ಫಲವತ್ತಾದ ಭೂಮಿಯನ್ನು ತಮಗೆ ಹಂಚಿಕೊಡಬೇಕೆಂದು ಹಝ್ರತ್ ಬಿಲಾಲ್(ರ) ಸಹಿತ ಹಲವರು ಬೇಡಿಕೆ ಇಟ್ಟರು. ಉಮರ್(ರ) ಒಪ್ಪಲಿಲ್ಲ. ದಿನಗಟ್ಟಲೆ ಸಮಾಲೋಚನೆ ನಡೆಯಿತು. ಕೊನೆಗೆ ಅವರು ಆಧಾರವಾಗಿ ಮುಂದಿಟ್ಟದ್ದು ಸೂರಃ ಅಲ್ ಹಶ್ರ್‌ನ ಸೂಕ್ತಗಳನ್ನು. ಸಂಪತ್ತು ಸಿರಿವಂತರ ನಡುವೆ ಮಾತ್ರ ಸುತ್ತುತ್ತಿರಬಾರದು, ಮುಂದೆ ಬರಲಿರುವವರಿಗೂ ಅದರಲ್ಲಿ ಪಾಲಿದೆ ಎಂಬುದು ಅವುಗಳ ಆಶಯ. ಭೂಮಿಯು ಉಳುವವರ ಕೈಯಲ್ಲೇ ಉಳಿಯಿತು. ಅದರ ಕಂದಾಯವಾದ ಖರಾಜ್ ಬೈತುಲ್ ಮಾಲ್‌ಗೆ ಸೇರಿತು.

ಆದರೆ ಆ ಕಂದಾಯವನ್ನು ಹಂಚುವುದು ಸುಲಭವಾಗಿರಲಿಲ್ಲ. ಹಝ್ರತ್ ಅಬೂಬಕರ್(ರ) ಎಲ್ಲರಿಗೂ ಸಮಾನವಾಗಿ ಹಂಚಿದ್ದರು. ಉಮರ್(ರ) ದೀವಾನ್ ಎಂಬ ದಾಖಲೆ ಪುಸ್ತಕವನ್ನು ರೂಪಿಸಿ, ಇಸ್ಲಾಮಿಗಾಗಿ ಮೊದಲು ಕಷ್ಟ ಉಂಡವರಿಗೆ ಹೆಚ್ಚಿನ ಪಾಲನ್ನು ನಿಗದಿ ಮಾಡಿದರು. ಬದ್ರ್ ಯುದ್ಧದಲ್ಲಿ ಭಾಗವಹಿಸಿದವರಿಗೆ ವರ್ಷಕ್ಕೆ 5,000 ದಿರ್ಹಮ್. ಕೆಳಗಿನ ಶ್ರೇಣಿಯವರಿಗೆ ಕೆಲವು ನೂರು ದಿರ್ಹಮ್. ಇದರ ಹಿಂದಿನ ಉದ್ದೇಶ ಗೌರವಾರ್ಪಣೆಯೇ ಆಗಿದ್ದರೂ ಅಂತರವಂತೂ ಬೆಳೆಯಿತು. ಮುಂದಿನ ವರ್ಷ ಬದುಕಿದ್ದರೆ ಕೊನೆಯವರನ್ನೂ ಮೊದಲಿನವರ ಸಾಲಿಗೆ ತರುವೆನೆಂದು ಅವರು ತಮ್ಮ ಕೊನೆಗಾಲದಲ್ಲಿ ಹೇಳಿದ್ದಾಗಿ ವರದಿಗಳಿವೆ. ಆ ವರ್ಷವನ್ನು ಅವರು ಕಾಣಲಿಲ್ಲ.

ಹಝ್ರತ್ ಉಸ್ಮಾನ್(ರ) ಅವರ ಕಾಲಕ್ಕೆ ಭೂಮಿಯ ಬೆಲೆ ಎಷ್ಟು ಏರಿತ್ತೆಂಬುದನ್ನು ತಿಳಿಯಲು ಸ್ವಹೀಹುಲ್ ಬುಖಾರಿಯಲ್ಲಿರುವ ಒಂದು ವರದಿ ಸಾಕು. ಹಝ್ರತ್ ಝುಬೈರ್(ರ) ಮದೀನಾದ ಬಳಿಯ ಗಾಬಾ ಎಂಬ ಭೂಮಿಯನ್ನು 1,70,000ಕ್ಕೆ ಕೊಂಡಿದ್ದರು. ಹಿಜರಿ 36ರಲ್ಲಿ ಅವರು ಹುತಾತ್ಮರಾದ ಬಳಿಕ ಅದು 16 ಲಕ್ಷಕ್ಕೆ ಮಾರಾಟವಾಯಿತು. ಅವರಿಗೆ ಮದೀನಾದಲ್ಲಿ 11 ಮನೆಗಳು, ಬಸ್ರಾದಲ್ಲಿ ಎರಡು, ಕೂಫಾ ಮತ್ತು ಈಜಿಪ್ಟ್‌ನಲ್ಲಿ ಒಂದೊಂದು ಮನೆಗಳಿದ್ದವು. ಅವರು ಅಧಿಕಾರ ನಡೆಸಿದವರಲ್ಲ, ಕಂದಾಯ ವಸೂಲಿ ಮಾಡಿದವರೂ ಅಲ್ಲ ಎಂದು ಅದೇ ವರದಿಯು ಸ್ಪಷ್ಟಪಡಿಸುತ್ತದೆ. ಜನರು ಅವರಲ್ಲಿ ಹಣವನ್ನು ಅಮಾನತ್ತಾಗಿ ಇಡಲು ಬಂದರೆ, ಕಳೆದುಹೋದೀತೆಂಬ ಭಯದಿಂದ ಅದನ್ನು ಸಾಲವಾಗಿ ಬರೆಸಿಕೊಳ್ಳುತ್ತಿದ್ದರು. ಆ ಸಾಲ 22 ಲಕ್ಷಕ್ಕೆ ಮುಟ್ಟಿತ್ತು. ಅವರ ಪುತ್ರ ಅಬ್ದುಲ್ಲಾ(ರ) ಸಾಲವನ್ನು ತೀರಿಸಿದ ನಂತರವೂ ಆಸ್ತಿಯನ್ನು ಹಂಚಲಿಲ್ಲ. ಬಾಕಿ ಉಳಿದವರಿದ್ದರೆ ಬರಲೆಂದು ನಾಲ್ಕು ವರ್ಷ ಹಜ್ಜ್ ಸಮಯದಲ್ಲಿ ಘೋಷಣೆ ಮಾಡಿಸಿದರು. ಸಂಪತ್ತು ನ್ಯಾಯಬದ್ಧವಾಗಿರಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ಭೂಮಿಯ ಬೆಲೆ ಒಂಬತ್ತು ಪಟ್ಟು ಏರಿದಾಗ ಭೂಮಿ ಇಲ್ಲದವನ ಗತಿಯೇನು? ಆ ಪ್ರಶ್ನೆ ಹಾಗೆಯೇ ಉಳಿಯಿತು.

ಅದನ್ನು ಗಟ್ಟಿ ಧ್ವನಿಯಲ್ಲಿ ಕೇಳಿದವರು ಹಝ್ರತ್ ಅಬೂದರ್ರ್ ಗಿಫಾರಿ(ರ). ಇಸ್ಲಾಮನ್ನು ಸ್ವೀಕರಿಸಿದ ಮೊದಲಿಗರಲ್ಲಿ ಒಬ್ಬರಾದ ಅವರು ಆಗ ಸಿರಿಯಾದಲ್ಲಿದ್ದರು. ಅಲ್ಲಿನ ರಾಜ್ಯಪಾಲರು ಹಝ್ರತ್ ಮುಆವಿಯಾ(ರ). ಚಿನ್ನ ಬೆಳ್ಳಿಯನ್ನು ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ವ್ಯಯಿಸದವರಿಗೆ ಕಠಿಣ ಶಿಕ್ಷೆಯ ಎಚ್ಚರಿಕೆ ನೀಡುವ ಸೂರಃ ಅತ್ತೌಬಃದ 34ನೇ ಸೂಕ್ತದ ಕುರಿತು ಅವರಿಬ್ಬರ ನಡುವೆ ಭಿನ್ನಾಭಿಪ್ರಾಯ ಉಂಟಾಯಿತು. ಸೂಕ್ತದ ಮೊದಲ ಭಾಗವು ಯಹೂದಿ ಮತ್ತು ಕ್ರೈಸ್ತ ಪುರೋಹಿತರನ್ನು ಹೆಸರಿಸುವುದರಿಂದ ಇದು ಗ್ರಂಥದವರ ಕುರಿತಾದದ್ದು ಎಂಬುದು ಮುಆವಿಯಾರ(ರ) ನಿಲುವು. ಅವರ ಕುರಿತೂ ಹೌದು, ನಮ್ಮ ಕುರಿತೂ ಹೌದು ಎಂಬುದು ಅಬೂದರ್ರ್‌ರ(ರ) ವಾದ. ಎಚ್ಚರಿಕೆ ಇನ್ನೊಬ್ಬರಿಗೆ ಸಂಬಂಧಿಸಿದ್ದು ಎಂದುಕೊಂಡರೆ ಮನಸ್ಸು ಹಗುರಾಗುತ್ತದೆ. ಆ ಹಗುರವನ್ನು ಅಬೂದರ್ರ್(ರ) ಯಾರಿಗೂ ಬಿಟ್ಟುಕೊಡಲಿಲ್ಲ.

ದೂರು ಖಲೀಫರಿಗೆ ತಲುಪಿತು. ಉಸ್ಮಾನ್(ರ) ಅವರನ್ನು ಮದೀನಾಕ್ಕೆ ಕರೆಸಿಕೊಂಡರು. ಅಲ್ಲಿ ಜನರು ಅವರನ್ನು ಹಿಂದೆಂದೂ ಕಂಡಿಲ್ಲವೆಂಬಂತೆ ಸುತ್ತುಗಟ್ಟತೊಡಗಿದರು. ಬಯಸಿದರೆ ಸಮೀಪದಲ್ಲೇ ಎಲ್ಲಾದರೂ ದೂರ ಸರಿದು ಇರಬಹುದೆಂದು ಖಲೀಫರು ಸೂಚಿಸಿದರು. ಅವರು ಇರಾಕ್ ದಾರಿಯ ಮರುಭೂಮಿಯಲ್ಲಿದ್ದ ರಬದಾ ಎಂಬಲ್ಲಿಗೆ ಹೋದರು. ಬುಖಾರಿಯ ವರದಿಯಲ್ಲಿ ಇದನ್ನು ಅಬೂದರ್ರ್(ರ) ಸ್ವತಃ ವಿವರಿಸಿದ್ದಾರೆ. ಗಡೀಪಾರು ಎಂದು ಹೇಳುವ ವರದಿಗಳೂ ಇವೆ. ಕೂಫಾದಿಂದ ಕೆಲವರು ಬಂದು ಖಲೀಫರ ವಿರುದ್ಧ ಧ್ವಜ ಎತ್ತಲು ಹುರಿದುಂಬಿಸಿದಾಗ ಅವರು ಸ್ಪಷ್ಟವಾಗಿ ನಿರಾಕರಿಸಿದರು. ಸತ್ಯ ನುಡಿಯುವುದು ಅವರಿಗೆ ಕಡ್ಡಾಯವಾಗಿತ್ತು. ರಕ್ತ ಹರಿಸುವುದು ನಿಷಿದ್ಧವಾಗಿತ್ತು.

ಹಿಜರಿ 32ರಲ್ಲಿ (ಕ್ರಿ.ಶ. 652-53) ರಬದಾದಲ್ಲೇ ಅವರು ಇಹಲೋಕ ತ್ಯಜಿಸಿದರು. ಕಫನ್‌ಗೆ ಸಾಕಾಗುವಷ್ಟು ಬಟ್ಟೆಯೂ ಮನೆಯಲ್ಲಿರಲಿಲ್ಲ. ದಾರಿಹೋಕರ ತಂಡವೊಂದು ಬಂದಾಗ, ಸರಕಾರಿ ಅಧಿಕಾರ ನಡೆಸಿದ ಯಾರೂ ನನಗೆ ಕಫನ್ ತೊಡಿಸಬಾರದೆಂದು ಅವರು ಷರತ್ತು ವಿಧಿಸಿದ್ದರೆಂದೂ, ಅನ್ಸಾರಿ ಯುವಕನೊಬ್ಬನ ಬಟ್ಟೆಯೇ ಅವರ ಕಫನ್ ಆಯಿತೆಂದೂ ವರದಿಯಾಗಿದೆ.

ಹಾಗಾದರೆ ಅಗತ್ಯಕ್ಕಿಂತ ಹೆಚ್ಚಾದುದೆಲ್ಲವೂ ನಿಷಿದ್ಧವೇ? ಬಹುಪಾಲು ಸಹಾಬಿಗಳು ಹಾಗೂ ನಂತರದ ವಿದ್ವಾಂಸರು ಹಾಗೆ ಹೇಳಲಿಲ್ಲ. ಆ ಎಚ್ಚರಿಕೆ ಝಕಾತ್ ಕಡ್ಡಾಯವಾಗುವ ಮೊದಲಿನದು, ಝಕಾತನ್ನು ಅಲ್ಲಾಹನು ಸಂಪತ್ತಿನ ಶುದ್ಧೀಕರಣವಾಗಿ ಮಾಡಿದನು ಎಂದು ಹಝ್ರತ್ ಇಬ್ನ್ ಉಮರ್(ರ) ವಿವರಿಸಿದರು. ಶರೀಅತ್ತಿನ ಕಾನೂನು ನಿಂತಿರುವುದು ಇದರ ಮೇಲೆಯೇ. ಆದರೆ ಕಾನೂನು ಅಲ್ಲಿಗೇ ಮುಗಿಯುವುದಿಲ್ಲ. ಸೂರಃ ಅಲ್ ಬಕರಃದ 177ನೇ ಸೂಕ್ತವು ಬಂಧುಗಳಿಗೆ, ಅನಾಥರಿಗೆ, ನಿರ್ಗತಿಕರಿಗೆ ಸಂಪತ್ತನ್ನು ನೀಡುವುದನ್ನು ಒಮ್ಮೆ ಹೇಳಿ, ಝಕಾತನ್ನು ಪ್ರತ್ಯೇಕವಾಗಿ ಮತ್ತೊಮ್ಮೆ ಹೇಳುತ್ತದೆ. ಝಕಾತ್ ಸಾಲದೆ ಹೋದಾಗ ಬಡವರ ಆಹಾರ, ಬಟ್ಟೆ, ವಸತಿಯ ಹೊಣೆ ಆ ಊರಿನ ಸಿರಿವಂತರದ್ದು, ಆಡಳಿತಗಾರನು ಅದನ್ನು ಕಡ್ಡಾಯಪಡಿಸಬೇಕು ಎಂದು ಅಂದಲೂಸಿನ ವಿದ್ವಾಂಸ ಇಬ್ನ್ ಹಝ್ಮ್ ಬರೆದರು. ಶೇಕಡಾ ಎರಡೂವರೆ ಎಂಬುದು ಹೊಣೆಯ ಆರಂಭ.

ಅಬೂದರ್ರ್(ರ) ತೀರಿಕೊಂಡ ಸುಮಾರು ಅದೇ ಕಾಲದಲ್ಲಿ ಮದೀನಾದ ಬಲು ದೊಡ್ಡ ಸಿರಿವಂತರಾದ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕೂಡ ನಿಧನರಾದರು. ಬರಿಗೈಯಲ್ಲಿ ಮದೀನಾಕ್ಕೆ ಬಂದು, ಅನ್ಸಾರಿ ಸಹೋದರನು ನೀಡಲು ಬಂದ ಅರ್ಧ ಆಸ್ತಿಯನ್ನು ಬೇಡವೆಂದು, ಮಾರುಕಟ್ಟೆಯ ದಾರಿ ಕೇಳಿದವರು ಅವರು. ಒಮ್ಮೆ ಅವರು ಉಪವಾಸವಿದ್ದಾಗ ಮುಂದೆ ಆಹಾರವನ್ನು ತಂದಿಡಲಾಯಿತು. ತಲೆ ಮುಚ್ಚಿದರೆ ಕಾಲು ಕಾಣುವಷ್ಟು ಚಿಕ್ಕ ಬಟ್ಟೆಯಲ್ಲಿ ಕಫನ್ ಪಡೆದ ಮುಸ್‌ಅಬ್‌ರನ್ನು(ರ) ನೆನೆದು, ನಮ್ಮ ಪ್ರತಿಫಲವೆಲ್ಲ ಈ ಲೋಕದಲ್ಲೇ ಸಂದುಹೋಯಿತೇನೋ ಎಂದು ಅಂಜಿ ಅತ್ತರು; ಊಟವನ್ನು ಬಿಟ್ಟರು. ಸಿರಿತನವನ್ನು ಕಂಡು ಅಬೂದರ್ರ್(ರ) ಪಟ್ಟ ಭಯವೇ ಆ ಸಿರಿವಂತರ ಎದೆಯೊಳಗೂ ಇತ್ತು.

ಆ ಭಯವಿಲ್ಲದ ಸಿರಿಯೂ, ಆ ಸಂಯಮವಿಲ್ಲದ ಆಕ್ರೋಶವೂ ಮುಖಾಮುಖಿಯಾದಾಗ ಅನಾಹುತ ತಪ್ಪದು. ಹಿಜರಿ 35ರಲ್ಲಿ ಬಂಡುಕೋರರು ಹಝ್ರತ್ ಉಸ್ಮಾನ್‌ರನ್ನು(ರ) ಅವರ ಮನೆಯಲ್ಲೇ ಹತ್ಯೆಗೈದರು. ಆ ಫಿತ್ನಕ್ಕೆ ಕಾರಣಗಳು ಹಲವು. ಹಣ, ಭೂಮಿ ಮತ್ತು ಅಧಿಕಾರದ ಹಂಚಿಕೆಯ ಕುರಿತ ಅಸಮಾಧಾನವೂ ಅವುಗಳಲ್ಲಿ ಒಂದಾಗಿತ್ತು. ಆ ಕತ್ತಿಯಿಂದ ಒಬ್ಬ ಬಡವನ ಹೊಟ್ಟೆಯೂ ತುಂಬಲಿಲ್ಲ.

ಅಸಮಾಧಾನಕ್ಕೆ ನಿಜವಾದ ಉತ್ತರ ಬಂದದ್ದು ಆರು ದಶಕಗಳ ನಂತರ. ಹಿಜರಿ 99ರಲ್ಲಿ (ಕ್ರಿ.ಶ. 717) ಉಮರ್ ಬಿನ್ ಅಬ್ದುಲ್ ಅಝೀಝ್(ರ) ಖಲೀಫರಾದಾಗ, ಉಮಯ್ಯಾ ರಾಜಮನೆತನವು ಅನ್ಯಾಯವಾಗಿ ವಶಪಡಿಸಿಕೊಂಡಿದ್ದ ಆಸ್ತಿಗಳನ್ನು ಹಿಂದಿರುಗಿಸುವ ಕಾರ್ಯವನ್ನು ತಮ್ಮಿಂದಲೇ ಆರಂಭಿಸಿದರು. ಪತ್ನಿ ಫಾತಿಮಾರಿಗೆ ಅವರ ತಂದೆ, ಹಿಂದಿನ ಖಲೀಫ ಅಬ್ದುಲ್ ಮಲಿಕ್ ಕೊಟ್ಟಿದ್ದ ಆಭರಣಗಳೂ ಬೈತುಲ್ ಮಾಲ್ ಸೇರಿದವು. ಪತಿಯ ನಿಧನಾನಂತರ ಖಲೀಫನಾದ ಸಹೋದರನು ಅವುಗಳನ್ನು ಮರಳಿಸಲು ಮುಂದಾದಾಗ ಆ ಮಹಿಳೆ ಸ್ವೀಕರಿಸಲಿಲ್ಲ. ಎರಡೂವರೆ ವರ್ಷಗಳ ಆಡಳಿತವು ತೋರಿಸಿಕೊಟ್ಟದ್ದಿಷ್ಟು: ಜನರ ಕೋಪವನ್ನು ತಣಿಸಬೇಕಾದರೆ ಕಿತ್ತುಕೊಂಡದ್ದನ್ನು ಮರಳಿಸಬೇಕು, ಉಪದೇಶ ಸಾಲದು.

ಅಸೂಯೆಗೂ ನ್ಯಾಯದ ಬೇಡಿಕೆಗೂ ಇರುವ ವ್ಯತ್ಯಾಸವನ್ನು ನಾವು ಅಬೂದರ್ರ್‌ರ(ರ) ಬದುಕಿನಿಂದಲೇ ಕಲಿಯಬೇಕು. ಅಸೂಯೆ ಪಡುವವನಿಗೆ ಆ ಸಂಪತ್ತು ತನಗೆ ಬೇಕು. ಸಿಗದಿದ್ದರೆ ಅದು ಯಾರಿಗೂ ಇರಬಾರದು. ಅಬೂದರ್ರ್(ರ) ಪ್ರಶ್ನಿಸಿದ್ದು ತಮಗಾಗಿ ಅಲ್ಲ. ಮರೂರ್ ಎಂಬವರು ರಬದಾದಲ್ಲಿ ಅವರನ್ನು ಭೇಟಿಯಾದಾಗ, ಅವರೂ ಅವರ ಸೇವಕನೂ ಒಂದೇ ಬಗೆಯ ಉಡುಪು ಧರಿಸಿದ್ದರು. ಕಾರಣ ಕೇಳಿದಾಗ, ಸೇವಕರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಿರಿ, ಉಡುವುದನ್ನೇ ಉಡಿಸಿರಿ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಅವರು ತಿಳಿಸಿದರು.

ದೊಡ್ಡ ಶ್ರೀಮಂತರ ಲೆಕ್ಕವನ್ನು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಆದರೆ ನಮ್ಮ ಮನೆಯ ಪಾತ್ರೆ ತೊಳೆಯುವವಳಿಗೆ, ನಮ್ಮ ಅಂಗಡಿಯ ಹುಡುಗನಿಗೆ ನಾವೇ ಸಿರಿವಂತರು. ಅವರ ಸಂಬಳ, ಅವರ ಊಟ, ಅವರ ಹಬ್ಬದ ಬಟ್ಟೆ ನಮ್ಮ ಕೈಯಲ್ಲಿದೆ. ಆ ಲೆಕ್ಕವನ್ನು ಮೊದಲು ಸರಿಪಡಿಸಿಕೊಂಡವನ ಪ್ರಶ್ನೆಗೆ ಅರಮನೆಗಳೂ ಉತ್ತರಿಸಬೇಕಾಗುತ್ತದೆ. ಅಲ್ಲಾಹನು ನಮ್ಮ ಸಂಪಾದನೆಯನ್ನೂ ನಮ್ಮ ಕೋಪವನ್ನೂ ಶುದ್ಧಗೊಳಿಸಲಿ. ಆಮೀನ್.