ಮಾಲೀಕರ ಗೈರುಹಾಜರಿಯಲ್ಲಿ ಸಾಕುಪ್ರಾಣಿಗಳಿಗೆ ಔಷಧೋಪಚಾರ: ಆರೈಕೆದಾರರನ್ನು ಸಿದ್ಧಗೊಳಿಸುವ ಕುರಿತು ಮಾಹಿತಿ

ಪೀಠಿಕೆ

ಮದುವೆ, ಹಬ್ಬ, ತೀರ್ಥಯಾತ್ರೆ, ಕಚೇರಿ ಕೆಲಸ ಮುಂತಾದ ಕಾರಣಗಳಿಂದ ಪರಊರಿಗೆ ತೆರಳುವ ಮಾಲೀಕರು ತಮ್ಮ ನಾಯಿ, ಬೆಕ್ಕುಗಳನ್ನು ನೆಂಟರು, ನೆರೆಹೊರೆಯವರು, ಮನೆಗೆಲಸದವರು ಅಥವಾ ಹಣ ಪಡೆದು ನೋಡಿಕೊಳ್ಳುವವರ ಸುಪರ್ದಿಗೆ ಒಪ್ಪಿಸುವುದು ವಾಡಿಕೆಯಾಗಿದೆ. ಇವರನ್ನು ಈ ಪುಟದಲ್ಲಿ ಆರೈಕೆದಾರರು ಎಂದು ಕರೆಯಲಾಗಿದೆ. ಆರೋಗ್ಯವಂತ ಪ್ರಾಣಿಗೆ ಸಕಾಲದಲ್ಲಿ ಆಹಾರ, ನೀರು ದೊರೆತರೆ ಬಹುಮಟ್ಟಿಗೆ ಸಾಕಾಗುತ್ತದೆ. ಆದರೆ ಮಧುಮೇಹ, ಮೂರ್ಛೆರೋಗ ಮುಂತಾದ ಕಾಯಿಲೆಗಳಿಗೆ ನಿತ್ಯ ಔಷಧಿ ಪಡೆಯುತ್ತಿರುವ ಪ್ರಾಣಿಗೆ ಔಷಧಿ ತಪ್ಪಿದರೆ ಅಥವಾ ಒಂದೇ ಹೊತ್ತಿಗೆ ಎರಡು ಬಾರಿ ನೀಡಿದರೆ ಪ್ರಾಣಕ್ಕೆ ಅಪಾಯವಾಗಬಹುದು. ಆದುದರಿಂದ ಔಷಧಿಯ ಪೊಟ್ಟಣವನ್ನು ಕೈಗಿತ್ತು ಬಾಯಿಮಾತಿನಲ್ಲಿ ತಿಳಿಸಿ ಹೊರಡುವುದು ಸಾಲದು. ಬರಹದ ಸೂಚನಾ ಪಟ್ಟಿ ಮತ್ತು ಮಾಲೀಕರ ಸಮಕ್ಷಮದಲ್ಲಿ ಅಭ್ಯಾಸ, ಇವೆರಡೂ ಅವಶ್ಯವಾಗಿರುತ್ತವೆ.

ಪ್ರಾಣಿಗಳಿಗೆ ಹಿಂಸೆ ತಡೆಗಟ್ಟುವ ಅಧಿನಿಯಮ, 1960ರ 3ನೇ ಪ್ರಕರಣದಂತೆ, ಪ್ರಾಣಿಯ ಪಾಲನೆ ಅಥವಾ ಉಸ್ತುವಾರಿ ಹೊಂದಿರುವ ಪ್ರತಿಯೊಬ್ಬ ವ್ಯಕ್ತಿಯೂ ಅದರ ಯೋಗಕ್ಷೇಮಕ್ಕೆ ಸೂಕ್ತ ಕ್ರಮಗಳನ್ನು ಕೈಗೊಳ್ಳುವುದು ಕರ್ತವ್ಯವಾಗಿರುತ್ತದೆ. ಈ ಹೊಣೆ ಮಾಲೀಕರಿಗೆ ಮಾತ್ರ ಸೀಮಿತವಲ್ಲ. ಪ್ರಾಣಿಯನ್ನು ವಹಿಸಿಕೊಂಡ ಆರೈಕೆದಾರರಿಗೂ ಅನ್ವಯಿಸುತ್ತದೆ.

1. ಆರೈಕೆದಾರರ ಆಯ್ಕೆ

• ಪ್ರಾಣಿಗೆ ಈಗಾಗಲೇ ಪರಿಚಯವಿರುವ ವಯಸ್ಕರನ್ನು ಆರಿಸಿಕೊಳ್ಳತಕ್ಕದ್ದು. ಔಷಧಿ ನೀಡುವ ಕೆಲಸವನ್ನು ಮಕ್ಕಳಿಗೆ ವಹಿಸಬಾರದು.
• ಒಂದು ಮನೆಯಲ್ಲಿ ಇಬ್ಬರು ನೋಡಿಕೊಳ್ಳುವಾಗಲೂ ಔಷಧಿಯ ಹೊಣೆ ಒಬ್ಬರಿಗೇ ಇರತಕ್ಕದ್ದು. ಇನ್ನೊಬ್ಬರು ಕೊಟ್ಟಿರುತ್ತಾರೆಂದು ಬಿಡುವುದರಿಂದಲೂ, ಕೊಟ್ಟಿಲ್ಲವೆಂದು ಮತ್ತೆ ಕೊಡುವುದರಿಂದಲೂ ತಪ್ಪುಗಳು ಸಂಭವಿಸುತ್ತವೆ.
• ಚುಚ್ಚುಮದ್ದು ನೀಡಲು ಅಳುಕುವವರನ್ನು ಒತ್ತಾಯಿಸಬಾರದು. ಅಂತಹ ಸಂದರ್ಭದಲ್ಲಿ ಪಶುವೈದ್ಯರ ಮೇಲ್ವಿಚಾರಣೆ ಇರುವ ಸ್ಥಳದಲ್ಲಿ ಪ್ರಾಣಿಯನ್ನು ಬಿಡುವುದು ಸೂಕ್ತ.

2. ಹೊರಡುವ ಒಂದು ವಾರ ಮುಂಚಿತವಾಗಿ

• ಪ್ರಾಣಿಯನ್ನು ಪಶುವೈದ್ಯರಿಗೆ ತೋರಿಸಿ ಔಷಧಿಯ ಪ್ರಮಾಣವನ್ನು ಖಚಿತಪಡಿಸಿಕೊಳ್ಳುವುದು.
• ಪ್ರಯಾಣದ ದಿನಗಳಿಗಿಂತ ಕನಿಷ್ಠ 3–4 ದಿನ ಹೆಚ್ಚಿಗೆ ಸಾಲುವಷ್ಟು ಔಷಧಿ ಸಂಗ್ರಹಿಸುವುದು. ಮೂರ್ಛೆರೋಗಕ್ಕೆ ನೀಡುವ ಫೀನೋಬಾರ್ಬಿಟಾಲ್‌ನಂತಹ ಮಾತ್ರೆಗಳು ವೈದ್ಯರ ಚೀಟಿ ಇಲ್ಲದೆ ದೊರೆಯುವುದಿಲ್ಲ. ಆದ್ದರಿಂದ ಚೀಟಿಯ ಪ್ರತಿಯನ್ನು ಆರೈಕೆದಾರರಿಗೆ ನೀಡತಕ್ಕದ್ದು.
• ರೇಬೀಸ್ ಲಸಿಕೆಯ ಅವಧಿ ಮುಗಿದಿದ್ದಲ್ಲಿ ಹಾಕಿಸುವುದು. ಮಾತ್ರೆ ನುಂಗಿಸುವಾಗ ಕಡಿತದ ಸಂಭವ ಇರುತ್ತದೆ.

3. ಸೂಚನಾ ಪಟ್ಟಿ

ಆರೈಕೆದಾರರು ಓದಬಲ್ಲ ಭಾಷೆಯಲ್ಲಿ ಒಂದೇ ಹಾಳೆಯಲ್ಲಿ ಈ ಕೆಳಕಂಡ ವಿವರಗಳನ್ನು ಬರೆದು, ಔಷಧಿ ಇಡುವ ಸ್ಥಳದಲ್ಲಿಯೇ ಅಂಟಿಸತಕ್ಕದ್ದು:

ಅ) ಪ್ರಾಣಿಯ ಹೆಸರು, ವಯಸ್ಸು, ತೂಕ, ಕಾಯಿಲೆ
ಆ) ಔಷಧಿಯ ಹೆಸರು ಮತ್ತು ಯಾವುದಕ್ಕಾಗಿ ಎಂಬ ವಿವರ
ಇ) ಪ್ರಮಾಣ (ಉದಾ: ಅರ್ಧ ಮಾತ್ರೆ) ಮತ್ತು ಗಂಟೆ (ಉದಾ: ಬೆಳಿಗ್ಗೆ 8, ರಾತ್ರಿ 8)
ಈ) ಆಹಾರಕ್ಕೆ ಮೊದಲೋ, ಜೊತೆಗೋ, ನಂತರವೋ
ಉ) ಒಂದು ಹೊತ್ತು ತಪ್ಪಿದರೆ ಅಥವಾ ವಾಂತಿಯಾದರೆ ಏನು ಮಾಡಬೇಕೆಂಬ ಪಶುವೈದ್ಯರ ಸಲಹೆ
ಊ) ಪಶುವೈದ್ಯರು, ಬದಲಿ ಪಶುವೈದ್ಯರು ಮತ್ತು ಮಾಲೀಕರ ದೂರವಾಣಿ ಸಂಖ್ಯೆ
ಋ) ದಿನಾಂಕವಾರು ಗುರುತು ಹಾಕುವ ಕೋಷ್ಟಕ

ಔಷಧಿ ಕೊಟ್ಟ ಕೂಡಲೇ ಕೋಷ್ಟಕದಲ್ಲಿ ಗುರುತು ಹಾಕುವುದು ಕಡ್ಡಾಯವೆಂದು ತಿಳಿಸತಕ್ಕದ್ದು. ಓದು ಬರಹ ಬಾರದವರಿಗೆ ಬೆಳಗಿನ ಮಾತ್ರೆಗಳ ಪೊಟ್ಟಣದ ಮೇಲೆ ಸೂರ್ಯನ, ರಾತ್ರಿಯ ಮಾತ್ರೆಗಳ ಪೊಟ್ಟಣದ ಮೇಲೆ ಚಂದ್ರನ ಚಿತ್ರ ಬರೆದು, ಪ್ರತಿ ಹೊತ್ತಿನದನ್ನು ಬೇರೆ ಬೇರೆಯಾಗಿ ಕಟ್ಟಿಡಬಹುದು. ಅರ್ಧ ಮಾತ್ರೆಗಳನ್ನು ಮಾಲೀಕರೇ ಮೊದಲು ತುಂಡು ಮಾಡಿಡುವುದು ಒಳಿತು.

4. ಸಮಕ್ಷಮದಲ್ಲಿ ಅಭ್ಯಾಸ

ಹೊರಡುವ ಮೊದಲು ಕನಿಷ್ಠ ಎರಡು ಹೊತ್ತಿನ ಔಷಧಿಯನ್ನು ಆರೈಕೆದಾರರ ಕೈಯಿಂದಲೇ ಕೊಡಿಸಿ ನೋಡತಕ್ಕದ್ದು. ಮಾಲೀಕರ ಕೈಯಿಂದ ಸುಲಭವಾಗಿ ಮಾತ್ರೆ ನುಂಗುವ ನಾಯಿ ಬೇರೆಯವರ ಕೈಗೆ ಹಲ್ಲು ಕಚ್ಚಿ ನಿಲ್ಲಬಹುದು. ಇದು ಮೊದಲೇ ತಿಳಿದರೆ ಬದಲಿ ವ್ಯವಸ್ಥೆ ಸಾಧ್ಯ.

ಮಾತ್ರೆ: ಬಾಯಿ ತೆರೆದು ನಾಲಿಗೆಯ ಬುಡದಲ್ಲಿಟ್ಟು, ಬಾಯಿ ಮುಚ್ಚಿ, ಗಂಟಲನ್ನು ಮೃದುವಾಗಿ ಸವರುವುದು. ನುಂಗಿದ್ದನ್ನು ಖಚಿತಪಡಿಸಿಕೊಳ್ಳುವುದು, ದವಡೆಯಲ್ಲಿ ಅಡಗಿಸಿಕೊಂಡು ನಂತರ ಉಗುಳುವ ನಾಯಿಗಳುಂಟು. ಬೆಕ್ಕಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಣದಾಗಿ ನೀಡಬಾರದು. ಅದು ಅನ್ನನಾಳದಲ್ಲಿ ಸಿಲುಕಿ ಹುಣ್ಣು ಮಾಡಬಹುದಾದ್ದರಿಂದ ಕೂಡಲೇ ಸ್ವಲ್ಪ ನೀರು ಕುಡಿಸತಕ್ಕದ್ದು.

ದ್ರವ ಔಷಧಿ: ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವುದು. ತಲೆಯನ್ನು ಮೇಲಕ್ಕೆತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಹೋಗಬಹುದು.

ಆಹಾರದಲ್ಲಿ ಬೆರೆಸುವುದು: ಉಣ್ಣೆ (ಉಣುಗು) ಕಡಿತದಿಂದ ಬರುವ ಜ್ವರಕ್ಕೆ ನೀಡುವ ಡಾಕ್ಸಿಸೈಕ್ಲಿನ್ ಔಷಧಿಯನ್ನು ಹಾಲು, ಮೊಸರನ್ನದಲ್ಲಿ ಬೆರೆಸಿದರೆ ದೇಹ ಅದನ್ನು ಹೀರಿಕೊಳ್ಳುವುದು ಕಡಿಮೆಯಾಗಬಹುದು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಬೆರೆತ ಪದಾರ್ಥ ಹಾಗೂ ಜೈಲಿಟಾಲ್ ಇರುವ ಸಕ್ಕರೆರಹಿತ ತಿನಿಸುಗಳಲ್ಲಿ ಮಾತ್ರೆ ಅಡಗಿಸಿ ಕೊಡಬಾರದು. ಇವು ನಾಯಿಗಳಿಗೆ ವಿಷಕಾರಿ.

5. ಇನ್ಸುಲಿನ್ ಪಡೆಯುವ ಪ್ರಾಣಿಗಳು

ಇನ್ಸುಲಿನ್ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಸಿರಿಂಜ್ ಇದೆ. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಪ್ರಾಣಿಗೆ 10ರ ಬದಲು 25 ಯೂನಿಟ್ ಸೇರುತ್ತದೆ. ಆದ್ದರಿಂದ ಬಾಟಲಿ ಹಾಗೂ ಅದಕ್ಕೆ ಹೊಂದುವ ಸಿರಿಂಜುಗಳನ್ನು ಒಂದೇ ಡಬ್ಬಿಯಲ್ಲಿಟ್ಟು, ಬೇರೆ ಸಿರಿಂಜುಗಳನ್ನು ಮನೆಯಲ್ಲಿ ಇರಿಸದಿರುವುದು ಕ್ಷೇಮ.

• ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಜ್ಜಿನ ನಡುವಿನ ಅಂಕಣದಲ್ಲಿ ಇಡುವುದು. ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬಾರದು.
• ಪ್ರಾಣಿ ಆಹಾರ ತಿನ್ನದಿದ್ದರೆ ಅಥವಾ ವಾಂತಿ ಮಾಡಿದರೆ ಪಶುವೈದ್ಯರನ್ನು ಕೇಳದೆ ಇನ್ಸುಲಿನ್ ನೀಡಬಾರದು.
• ಚುಚ್ಚುವಾಗ ಔಷಧಿ ಹೊರಚೆಲ್ಲಿತೆಂಬ ಅನುಮಾನ ಬಂದರೂ ಎರಡನೇ ಬಾರಿ ಚುಚ್ಚಬಾರದು.
• ನಡುಕ, ತೂರಾಟ, ನಿಶ್ಶಕ್ತಿ, ಸೆಳವು ಕಂಡುಬಂದರೆ ರಕ್ತದ ಸಕ್ಕರೆ ಕುಸಿದಿರುವ ಸಂಭವವಿದೆ. ಪ್ರಾಣಿ ಎಚ್ಚರವಿದ್ದು ನುಂಗುವಂತಿದ್ದರೆ ಆಹಾರ ಕೊಡುವುದು. ಇಲ್ಲವಾದಲ್ಲಿ ಜೇನು ಅಥವಾ ಸಕ್ಕರೆ ಪಾಕವನ್ನು ಒಸಡಿಗೆ ಸವರಿ ತಕ್ಷಣ ಪಶುವೈದ್ಯರ ಬಳಿಗೆ ಕೊಂಡೊಯ್ಯುವುದು. ಸೆಳವಿನಲ್ಲಿರುವ ಪ್ರಾಣಿಯ ಹಲ್ಲುಗಳ ನಡುವೆ ಬೆರಳಿಡಬಾರದು.

6. ಮೂರ್ಛೆರೋಗದ ಪ್ರಾಣಿಗಳು

ಫೀನೋಬಾರ್ಬಿಟಾಲ್ ಅನ್ನು ಥಟ್ಟನೆ ನಿಲ್ಲಿಸಿದರೆ ತೀವ್ರ ಸೆಳವು ಮರುಕಳಿಸಬಹುದು. ಪ್ರಾಣಿ ಚೆನ್ನಾಗಿಯೇ ಇದೆ, ಇಂದು ಮಾತ್ರೆ ಬೇಡ ಎಂಬ ನಿರ್ಧಾರವನ್ನು ಆರೈಕೆದಾರರು ಕೈಗೊಳ್ಳಬಾರದು. ಸೆಳವು ಬಂದಾಗ ಬಾಯಿಗೆ ಕೈ, ಚಮಚ, ನೀರು ಹಾಕಬಾರದು. ಸುತ್ತಲಿನ ವಸ್ತುಗಳನ್ನು ಸರಿಸಿ ಸಮಯ ನೋಡಿಕೊಳ್ಳುವುದು. ಸೆಳವು 5 ನಿಮಿಷ ಮೀರಿದರೆ ಅಥವಾ 24 ಗಂಟೆಗಳಲ್ಲಿ ಎರಡು ಬಾರಿ ಬಂದರೆ ಅದು ತುರ್ತು ಸ್ಥಿತಿ ಎಂದು ತಿಳಿಯತಕ್ಕದ್ದು.

7. ಕೊಡಲೇಬಾರದ ಔಷಧಿಗಳು

ಜ್ವರ, ನೋವು ಎಂದು ಮನುಷ್ಯರ ಮಾತ್ರೆ ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕುಗಳಿಗೆ ಮಾರಕ. ಐಬುಪ್ರೊಫೇನ್ ನಾಯಿ, ಬೆಕ್ಕು ಎರಡಕ್ಕೂ ವಿಷಕಾರಿ. ಪರ್ಮೆಥ್ರಿನ್ ಇರುವ ನಾಯಿಯ ಉಣ್ಣೆ ನಿವಾರಕವನ್ನು ಬೆಕ್ಕಿಗೆ ಹಚ್ಚಬಾರದು. ಎರಡೂ ಪ್ರಾಣಿಗಳಿರುವ ಮನೆಗಳಲ್ಲಿ ಔಷಧಿಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಡತಕ್ಕದ್ದು.

8. ತುರ್ತು ಚಿಕಿತ್ಸೆಗೆ ಒಪ್ಪಿಗೆ ಪತ್ರ

ತಾವು ಸಂಪರ್ಕಕ್ಕೆ ಸಿಗದಿದ್ದಲ್ಲಿ ಚಿಕಿತ್ಸೆ ಕೊಡಿಸಲು ಆರೈಕೆದಾರರಿಗೆ ಅಧಿಕಾರವಿದೆಯೆಂದೂ, ಎಷ್ಟು ಮೊತ್ತದವರೆಗೆ ವೆಚ್ಚ ಭರಿಸಲಾಗುವುದೆಂದೂ, ಶಸ್ತ್ರಚಿಕಿತ್ಸೆಯಂತಹ ನಿರ್ಧಾರಕ್ಕೆ ಯಾರನ್ನು ಕೇಳಬೇಕೆಂದೂ ಮಾಲೀಕರು ಸಹಿ ಮಾಡಿದ ಪತ್ರ ನೀಡುವುದು. ಸ್ವಲ್ಪ ಹಣವನ್ನೂ ಮುಂಗಡವಾಗಿ ಒಪ್ಪಿಸುವುದು. ಹಣದ ಅಳುಕಿನಿಂದ ಆರೈಕೆದಾರರು ಆಸ್ಪತ್ರೆಗೆ ಹೋಗಲು ತಡಮಾಡುವಂತಾಗಬಾರದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಳಗಿನ ಮಾತ್ರೆ ಮರೆತುಹೋದರೆ ರಾತ್ರಿ ಎರಡು ಕೊಡಬಹುದೇ?
ಉತ್ತರ: ಕೊಡಬಾರದು. ಪಶುವೈದ್ಯರಿಗೆ ತಿಳಿಸಿ ಅವರ ಸಲಹೆಯಂತೆ ನಡೆಯತಕ್ಕದ್ದು.

ಪ್ರಶ್ನೆ: ತಪ್ಪಾದುದನ್ನು ಹೇಳಿದರೆ ಮಾಲೀಕರು ಬೈಯುವರೆಂದು ಆರೈಕೆದಾರರು ಮುಚ್ಚಿಟ್ಟರೆ?
ಉತ್ತರ: ತಪ್ಪಾದಲ್ಲಿ ಆಕ್ಷೇಪಿಸುವುದಿಲ್ಲ, ಕೂಡಲೇ ತಿಳಿಸಬೇಕು ಎಂದು ಮಾಲೀಕರು ಮೊದಲೇ ಸ್ಪಷ್ಟಪಡಿಸತಕ್ಕದ್ದು. ಸಕಾಲದಲ್ಲಿ ತಿಳಿದ ತಪ್ಪನ್ನು ಅನೇಕ ವೇಳೆ ಸರಿಪಡಿಸಬಹುದು.

ಪ್ರಶ್ನೆ: ಔಷಧಿ ನೀಡುವಾಗ ಪ್ರಾಣಿ ಕಚ್ಚಿದರೆ?
ಉತ್ತರ: ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ತೆರಳಿ ವೈದ್ಯರಿಗೆ ತೋರಿಸುವುದು. ಪ್ರಾಣಿಯ ಲಸಿಕೆ ಪುಸ್ತಕವನ್ನು ಜೊತೆಗೆ ಒಯ್ಯುವುದು.

ಸಂಪರ್ಕ

ಸಾರ್ವಜನಿಕರು ಹತ್ತಿರದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸತಕ್ಕದ್ದು. ಪಶು ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1962. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಗಳಲ್ಲಿಯೂ ಚಿಕಿತ್ಸಾ ಸೌಲಭ್ಯವಿರುತ್ತದೆ. ಹಬ್ಬ ಹಾಗೂ ಸಾರ್ವತ್ರಿಕ ರಜಾದಿನಗಳಲ್ಲಿ ಯಾವ ಆಸ್ಪತ್ರೆ ತೆರೆದಿರುವುದೆಂದು ಹೊರಡುವ ಮೊದಲೇ ವಿಚಾರಿಸಿ ಸೂಚನಾ ಪಟ್ಟಿಯಲ್ಲಿ ನಮೂದಿಸುವುದು.